ರಾತ್ರಿ ಊಟ ಆದಮೇಲೆ ಒಂದು ಗುಳಿಗೆ

ಔಷಧಿ ಅಂಗಡಿಯಲ್ಲಿ ಗುಳಿಗೆಯ ಪಾಕೀಟಿನ ಮೇಲೆ ಬರೆದುಕೊಡುವ ಸಾಲು ಇದು. ಇದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ ಅನ್ನಿಸುತ್ತದೆ, ಅಲ್ವಾ?

ಬೆಳಗಾವಿ ಜಿಲ್ಲೆಯ ಒಂದು ಜೈನ ರೈತರ ಮನೆಗೆ ಈ ಪಾಕೀಟು ಹೋಯಿತು ಅನ್ನಿ. ಆ ಮನೆಯ ಅಜ್ಜಿ ಹೊತ್ತು ಮುಳುಗುವ ಮೊದಲೇ ಉಣ್ಣುತ್ತಾರೆ. ಆಮೇಲೆ ನೀರನ್ನೂ ಮುಟ್ಟುವುದಿಲ್ಲ. ಅವರ ದಿನದಲ್ಲಿ ‘ರಾತ್ರಿ ಊಟ’ ಅನ್ನುವುದೇ ಇಲ್ಲ. ಗುಳಿಗೆಯನ್ನು ಸಂಜೆ ಆರಕ್ಕೆ ನುಂಗಬೇಕೋ, ಬಿಟ್ಟೇಬಿಡಬೇಕೋ? ವಿಜಯಪುರದ ಒಂದು ಮುಸ್ಲಿಂ ಮನೆಯಲ್ಲಿ ರಂಜಾನ್ ತಿಂಗಳು ನಡೆದಿದೆ. ಅಲ್ಲಿ ರಾತ್ರಿಗೆ ಎರಡು ಊಟ. ಹೊತ್ತು ಮುಳುಗಿದ ಮೇಲೆ ಇಫ್ತಾರ್, ಬೆಳಕು ಹರಿಯುವ ಮೊದಲು ಸಹರಿ. ಯಾವ ಊಟದ ನಂತರ? ಮುಧೋಳದ ಕಡೆ ಹೊಲದ ಬದಿಗೆ ಗುಡಿಸಲು ಹಾಕಿಕೊಂಡ ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳಿಗೆ ಟ್ರ್ಯಾಕ್ಟರ್ ತುಂಬಿದ ಮೇಲೇ ಊಟ. ಅದು ಒಂದು ದಿನ ಎಂಟಕ್ಕೆ, ಇನ್ನೊಂದು ದಿನ ನಡುರಾತ್ರಿಗೆ.

ಗುಳಿಗೆ ಅದೇ, ಬರೆದ ಸಾಲೂ ಅದೇ. ಮೂರು ಮನೆಯಲ್ಲಿ ಮೂರು ಬೇರೆ ಚಿಕಿತ್ಸೆ ಆಗಿಹೋಯಿತು. ವೈದ್ಯರ ಓದಿನಲ್ಲಿ ತಪ್ಪಿಲ್ಲ, ಔಷಧಿಯಲ್ಲೂ ತಪ್ಪಿಲ್ಲ. ತಪ್ಪು ನಡುವೆ ಎಲ್ಲೋ ಇದೆ. ಆ ನಡುವಿನ ಜಾಗದ ಬಗ್ಗೆಯೇ ಈ ಲೇಖನ.

ಆಸ್ಪತ್ರೆಯ ಗುಣಮಟ್ಟ ಅಂದಕೂಡಲೇ ನಮಗೆ ಹೊಳೆಯುವುದು ಎಂಆರ್‌ಐ ಯಂತ್ರ, ಎಸಿ ವಾರ್ಡು, ಫಳಫಳ ಹೊಳೆಯುವ ನೆಲ. 2001ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಳ್ಳೆಯ ಚಿಕಿತ್ಸೆಗೆ ಆರು ಗುಣ ಹೇಳಿತು. ಸುರಕ್ಷಿತವಾಗಿರಬೇಕು, ಕೆಲಸ ಮಾಡಬೇಕು, ರೋಗಿಗೆ ಹೊಂದಬೇಕು, ಹೊತ್ತಿಗೆ ಸಿಗಬೇಕು, ಪೋಲಾಗಬಾರದು, ಎಲ್ಲರಿಗೂ ಒಂದೇ ಮಟ್ಟದಲ್ಲಿ ದಕ್ಕಬೇಕು. ಈ ಕೊನೆಯ ಮಾತನ್ನೇ ಜಾಸ್ತಿ ಜನ ತಪ್ಪು ತಿಳಿಯುವುದು. ‘ನಾವು ಯಾರಿಗೂ ಭೇದ ಮಾಡುವುದಿಲ್ಲ, ಎಲ್ಲರಿಗೂ ಒಂದೇ ಥರ ನೋಡುತ್ತೇವೆ’ ಅಂತ ಹೆಮ್ಮೆಯಿಂದ ಹೇಳುವ ಆಸ್ಪತ್ರೆಗಳಿವೆ. ಒಂದೇ ಥರ ಕೊಟ್ಟರೆ ಒಂದೇ ಥರ ದಕ್ಕುತ್ತದೆ ಅಂತೇನಿಲ್ಲ. ಮೇಲಿನ ಪಾಕೀಟೇ ಅದಕ್ಕೆ ಸಾಕ್ಷಿ.

ನಮ್ಮ ಕಡೆ ಇದು ಪುಸ್ತಕದ ಪ್ರಶ್ನೆಯಲ್ಲ. 2011ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನ ಸುಮಾರು 47.8 ಲಕ್ಷ. ನೂರರಲ್ಲಿ ಹೆಚ್ಚುಕಡಿಮೆ 68 ಮಂದಿಯ ಮನೆಮಾತು ಕನ್ನಡ, 18–19 ಮಂದಿಯದು ಮರಾಠಿ, ಹತ್ತರಷ್ಟು ಮಂದಿಯದು ಉರ್ದು. ವಿಜಯಪುರದಲ್ಲಿ ಉರ್ದು ಇನ್ನೂ ಜಾಸ್ತಿ, ಜೊತೆಗೆ ತಾಂಡಾಗಳ ಲಂಬಾಣಿ ಮಾತು. ಬೆಳಗಾವಿಯ ಯಾವ ದವಾಖಾನೆಯ ಬೆಂಚಿನ ಮೇಲೆ ಕೂತರೂ ಅರ್ಧ ಗಂಟೆಯಲ್ಲಿ ಮೂರು ಭಾಷೆ ಕಿವಿಗೆ ಬೀಳುತ್ತವೆ. ಒಳಗೆ ಕೂತ ಹುಡುಗ ವೈದ್ಯರು ಎಷ್ಟೋ ಸಲ ಕೇರಳದವರು, ದಿಲ್ಲಿ ಕಡೆಯವರು. ಅದು ನಾಲ್ಕನೆಯ, ಐದನೆಯ ಭಾಷೆ.

ಕನ್ನಡದವರೇ ಆಗಿದ್ದರೆ ಸಮಸ್ಯೆ ಇಲ್ಲವೇ? ಇದೆ. ‘ಹೊಟ್ಟಿ ಕಡ್ಯಾಕತ್ತೈತ್ರಿ’ ಅಂದರೆ ನಮ್ಮಲ್ಲಿ ಹೊಟ್ಟೆನೋವು. ಮೈಸೂರು ಕಡೆಯ ವೈದ್ಯರಿಗೆ ಕಡಿತ ಅಂದರೆ ತುರಿಕೆ. ಅವರು ಹೊಟ್ಟೆಯ ಮೇಲೆ ಗುಳ್ಳೆ ಎದ್ದಿವೆಯೋ ಅಂತ ಹುಡುಕಿದರೆ ಅವರ ತಪ್ಪೇನು? ‘ಬ್ಯಾನಿ’ ಅಂದರೆ ನೋವೂ ಹೌದು, ಕಾಯಿಲೆಯೂ ಹೌದು. ಆದರೆ ಬಸುರಿಯನ್ನು ಕರೆತಂದವರು ‘ಬ್ಯಾನಿ ತಿನ್ನಾಕತ್ತಾಳ್ರಿ’ ಅಂದರೆ ಹೆರಿಗೆ ನೋವು ಶುರುವಾಗಿದೆ ಅಂತ ಅರ್ಥ. ಕೂಡಲೇ ಏಳಬೇಕಾದ ಮಾತು ಅದು. ಮರಾಠಿಯಲ್ಲಿ ‘ತಾಪ್’ ಅಂದರೆ ಜ್ವರ. ಕನ್ನಡದ ಕಿವಿಗೆ ಅದು ಸುಮ್ನೆ ತಾಪತ್ರಯ ಇದ್ದ ಹಾಗೆ ಕೇಳಿಸಬಹುದು.

ಇಂಥ ಒಂದು ಪದ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ ಅಮೆರಿಕದ ಫ್ಲಾರಿಡಾದಲ್ಲಿ 1980ರಲ್ಲಿ ನಡೆದ ಪ್ರಸಂಗ ಪ್ರಸಿದ್ಧ. ಕ್ಯೂಬಾ ಮೂಲದ ಕುಟುಂಬವೊಂದು ಪ್ರಜ್ಞೆ ತಪ್ಪಿದ 18 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದಿತು. ಅವನು ‘ಇಂಟಾಕ್ಸಿಕಾಡೋ’ ಆಗಿದ್ದಾನೆ ಅಂದರು. ಅವರ ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ, ತಿಂದಿದ್ದೋ ಕುಡಿದಿದ್ದೋ ಏನೋ ಮೈಗೆ ಒಗ್ಗಲಿಲ್ಲ ಅಂತ. ಇಂಗ್ಲಿಷಿನ ಕಿವಿ ಅದನ್ನು ನಶೆ ಅಂತ ಕೇಳಿಸಿಕೊಂಡಿತು. ಮಾದಕ ವಸ್ತು ಜಾಸ್ತಿಯಾಗಿದೆ ಅಂತ ಚಿಕಿತ್ಸೆ ನಡೆಯಿತು. ನಿಜವಾಗಿ ಮೆದುಳಿನಲ್ಲಿ ರಕ್ತ ಸೋರುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಹುಡುಗನ ಕೈಕಾಲು ಸ್ವಾಧೀನ ತಪ್ಪಿದ್ದವು. ಕೊನೆಗೆ ಒಪ್ಪಂದವಾದ ಪರಿಹಾರ, ಅವನ ಜೀವನದುದ್ದಕ್ಕೂ ಲೆಕ್ಕ ಹಾಕಿದರೆ, ಸುಮಾರು 7.1 ಕೋಟಿ ಡಾಲರ್. ಈ ಕಥೆಯಲ್ಲಿ ನನಗೆ ಭಯ ಹುಟ್ಟಿಸುವುದು ಹಣವಲ್ಲ. ಯಾರೂ ದುಭಾಷಿಯನ್ನು ಕೇಳಲೇ ಇಲ್ಲ. ಎರಡೂ ಕಡೆಯವರಿಗೆ ತಮಗೆ ಅರ್ಥವಾಗಿದೆ ಅಂತಲೇ ಅನ್ನಿಸಿತ್ತು.

ನಮ್ಮಲ್ಲಿ ದುಭಾಷಿ ಯಾರು? ಜೊತೆಗೆ ಬಂದ ಮಗ. ಇಲ್ಲದಿದ್ದರೆ ಶಾಲೆಗೆ ಹೋಗುವ ಮೊಮ್ಮಗಳು. ತಾಯಿ ಮುಟ್ಟಿನ ತೊಂದರೆಯನ್ನು ಮಗನ ಬಾಯಿಂದ ಹೇಳಿಸಬೇಕು. ಅವಳು ಹೇಳುವುದಿಲ್ಲ. ‘ಸೊಂಟ ಬ್ಯಾನಿ’ ಅಂತ ಹೇಳಿ ಎದ್ದು ಬರುತ್ತಾಳೆ. ವೈದ್ಯರು ‘ಗಡ್ಡೆ ಇರಬಹುದು’ ಅಂದರೆ ಮಗ ಅದನ್ನು ‘ಏನಿಲ್ಲವ್ವ, ಸ್ವಲ್ಪ ಬಾವು’ ಅಂತ ತಿರುಗಿಸುತ್ತಾನೆ. ಪ್ರೀತಿಯಿಂದಲೇ ಮಾಡುತ್ತಾನೆ, ಅದು ಬೇರೆ ಮಾತು. ಅಮೆರಿಕದ ಒಂದು ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ತರಬೇತಾದ, ಆಗದ ದುಭಾಷಿಗಳ ಮೂಲಕ ನಡೆದ 13 ಭೇಟಿಗಳ ಮಾತನ್ನು ಧ್ವನಿಮುದ್ರಿಸಿ ನೋಡಿದ ಅಧ್ಯಯನ 2003ರಲ್ಲಿ ಬಂತು. ಸರಾಸರಿ ಒಂದು ಭೇಟಿಗೆ 31 ತಪ್ಪು. ಅವುಗಳಲ್ಲಿ ನೂರಕ್ಕೆ 63ರಷ್ಟು ಚಿಕಿತ್ಸೆಗೇ ಪೆಟ್ಟು ಕೊಡಬಹುದಾದಂಥವು.

ಇನ್ನೊಬ್ಬ ದುಭಾಷಿ ಇದ್ದಾರೆ. ವಾರ್ಡಿನ ಆಯಾ. ಬೆಳಗಾವಿಯ ಆಯಾಗಳು ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಹಿಂದಿಗೆ ಉಸಿರು ಬಿಡುವಷ್ಟು ಸಲೀಸಾಗಿ ದಾಟುತ್ತಾರೆ. ಆದರೆ ಆ ಕೆಲಸಕ್ಕೆ ತರಬೇತಿಯೂ ಇಲ್ಲ, ಸಂಬಳದಲ್ಲಿ ಅದಕ್ಕೆ ಲೆಕ್ಕವೂ ಇಲ್ಲ. ನನ್ನ ಕೇಳಿದರೆ ದೊಡ್ಡ ದೊಡ್ಡ ಆ್ಯಪ್ ತರುವ ಮೊದಲು ಮಾಡಬೇಕಾದ್ದು ಇದನ್ನೇ. ಇರುವ ಆಯಾ, ನರ್ಸುಗಳಲ್ಲಿ ನಾಲ್ಕೈದು ಜನರನ್ನು ಆರಿಸಿ ದುಭಾಷಿ ಕೆಲಸದ ಕಟ್ಟುಪಾಡು ಕಲಿಸುವುದು. ಹೇಳಿದ್ದಕ್ಕೆ ಸೇರಿಸಬಾರದು, ಕಳೆಯಬಾರದು. ‘ಅವರಿಗೆ ನೋವಂತೆ’ ಅನ್ನದೆ ‘ನನಗೆ ನೋವು’ ಅಂತ ರೋಗಿಯ ಮಾತನ್ನೇ ಆಡಬೇಕು. ಕೇಳಿದ್ದು ಕೋಣೆಯ ಹೊರಗೆ ಹೋಗಬಾರದು. ಅದಕ್ಕೆ ತಿಂಗಳಿಗಿಷ್ಟು ಅಂತ ಭತ್ಯೆ ಕೊಟ್ಟರೆ ಯಂತ್ರಕ್ಕಿಂತ ಅಗ್ಗ.

ಕಾಗದದ ಭಾಷೆ ಇನ್ನೊಂದು ಗೋಡೆ. ಜನರ ಬಾಯಲ್ಲಿ ಸಕ್ರಿ ಬ್ಯಾನಿ, ಗೋಡೆಯ ಮೇಲೆ ಮಧುಮೇಹ. ಜನರ ಬಾಯಲ್ಲಿ ಬಿಪಿ, ಕರಪತ್ರದಲ್ಲಿ ಅಧಿಕ ರಕ್ತದೊತ್ತಡ. ಒಪ್ಪಿಗೆ ಪತ್ರದ ಕನ್ನಡವಂತೂ ಕೋರ್ಟಿನವರಿಗೂ ಬೆವರು ತರಿಸುತ್ತದೆ. ರಿಪೋರ್ಟ್ ‘ನೆಗೆಟಿವ್’ ಬಂತು ಅಂದರೆ ಕೆಟ್ಟ ಸುದ್ದಿ ಅಂತ ಅಳುವವರನ್ನು ನಾನೇ ನೋಡಿದ್ದೇನೆ.

ಭಾಷೆ ಸರಿಹೋದರೂ ಮುಗಿಯಲಿಲ್ಲ. ಕಾಯಿಲೆ ಅಂದರೆ ಏನು ಅನ್ನುವುದೇ ಇಬ್ಬರ ತಲೆಯಲ್ಲಿ ಬೇರೆ ಬೇರೆ ಇರಬಹುದು.

ನಮ್ಮ ಚಿಗವ್ವನಿಗೆ ಬಿಪಿ. ಊರಿನ ಒಂದು ದವಾಖಾನೆಯಲ್ಲಿ ತೋರಿಸಿ ದಿನಾ ಒಂದು ಗುಳಿಗೆ ಅಂತ ಬರೆಸಿಕೊಂಡು ಬಂದಿದ್ದೆವು. ಎರಡು ತಿಂಗಳಾದ ಮೇಲೆ ನೋಡಿದರೆ ಡಬ್ಬಿಯಲ್ಲಿ ಗುಳಿಗೆಗಳು ಹಾಗೇ ಇವೆ. ‘ತಲಿ ಗರ್ ಅಂದಾಗ ತಗೋತೇನಲ್ಲ. ಏನೂ ಆಗದನ ಸುಮ್ನ ಯಾಕ ನುಂಗೂದು?’ ಅಂದಳು. ಅವಳ ಲೆಕ್ಕದಲ್ಲಿ ಕಾಯಿಲೆ ಅಂದರೆ ಮೈಗೆ ಗೊತ್ತಾಗುವಂಥದ್ದು. ಗೊತ್ತಾಗದ್ದು ಕಾಯಿಲೆಯೇ ಅಲ್ಲ. ಬಿಪಿಯ ಮೋಸ ಇರುವುದೇ ಅಲ್ಲಿ. ಒಳಗೊಳಗೆ ನಾಳವನ್ನು ಕೆಡಿಸುತ್ತದೆ, ಹೊರಗೆ ಏನೂ ತೋರಿಸುವುದಿಲ್ಲ, ಒಂದು ದಿನ ಲಕ್ವಾ ಹೊಡೆಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ‘ದಿನಾ ತಗೋಬೇಕು’ ಅಂತ ಮಾತ್ರ ಹೇಳಿದ್ದರು. ಅವಳು ‘ಹೂಂ ರೀ’ ಅಂದಿದ್ದಳು.

ಆರ್ಥರ್ ಕ್ಲೈನ್‌ಮನ್ ಅನ್ನುವ ಅಮೆರಿಕದ ಮನೋವೈದ್ಯರು ಮತ್ತು ಅವರ ಜೊತೆಗಾರರು 1978ರಲ್ಲಿ ಇದಕ್ಕೊಂದು ಸರಳ ದಾರಿ ಹೇಳಿದರು. ರೋಗಿಯ ಲೆಕ್ಕವನ್ನು ರೋಗಿಯನ್ನೇ ಕೇಳಿ. ಇದು ಯಾಕೆ ಬಂತು ಅಂತ ನಿಮಗನ್ನಿಸುತ್ತದೆ? ಆಗಲೇ ಯಾಕೆ ಶುರುವಾಯಿತು? ನಿಮಗೆ ಎಲ್ಲಕ್ಕಿಂತ ಭಯ ಯಾವುದರದು? ಚಿಕಿತ್ಸೆಯಿಂದ ಏನಾಗಬೇಕು ಅಂತ ಬಯಸುತ್ತೀರಿ? ನಮ್ಮ ಕಡೆಯ ಮಾತಿನಲ್ಲಿ, ‘ನಿಮಗೇನ ಅನಸ್ತೈತ್ರಿ, ಇದು ಯಾಕ ಬಂತು?’ ಅಷ್ಟೇ. ಒಂದು ನಿಮಿಷದ ಪ್ರಶ್ನೆ. ಚಿಗವ್ವನನ್ನು ಮೊದಲ ದಿನವೇ ಯಾರಾದರೂ ಹೀಗೆ ಕೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಕೇಳಿದ ಮೇಲೆ ಸಿಗುವ ಉತ್ತರವನ್ನು ಮೂಢನಂಬಿಕೆ ಅಂತ ತಳ್ಳಿದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಬಸುರಿಯರು ಕಬ್ಬಿಣಾಂಶದ ಗುಳಿಗೆ ಬಿಡುವುದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಕೇಳಿಬರುವ ಕಾರಣ, ‘ಅದು ಬಾಳ ಉಷ್ಣ ರೀ.’ ಇಲ್ಲಿ ವಾದಕ್ಕೆ ನಿಲ್ಲಬೇಕಿಲ್ಲ. ‘ಹೌದಾ, ಹಂಗಾದರೆ ನಿಂಬೆ ಪಾನಕದ ಜೊತೆ ತಗೋರಿ, ತಂಪು’ ಅನ್ನಬಹುದು. ನಿಂಬೆಯ ಸಿ ವಿಟಮಿನ್ ಕಬ್ಬಿಣವನ್ನು ಮೈಗೆ ಚೆನ್ನಾಗಿ ಹತ್ತಿಸುತ್ತದೆ. ಅವಳ ಲೆಕ್ಕವೂ ಸರಿಹೋಯಿತು, ವೈದ್ಯರ ಲೆಕ್ಕವೂ ಸರಿಹೋಯಿತು. ಬಿಡಿಸಬೇಕಾದ್ದು ಗುಳಿಗೆಯ ಹಿಂದೆಯೇ ಕುಡಿಯುವ ಚಹಾವನ್ನು. ಅದು ಕಬ್ಬಿಣವನ್ನು ತಡೆಯುತ್ತದೆ.

ಬಾಣಂತನದ ವಿಷಯದಲ್ಲಿ ಈ ಜಾಣತನ ಇನ್ನೂ ಬೇಕು. ಅಂಟಿನ ಉಂಡಿ, ಎಣ್ಣೆ ತಿಕ್ಕಿ ನೀರು ಹಾಕುವುದು, ತವರುಮನೆಯ ವಿಶ್ರಾಂತಿ ಇವೆಲ್ಲ ತಾಯಿಗೆ ಒಳ್ಳೆಯವು, ಇರಲಿ. ಕರಿದಾರ, ದೃಷ್ಟಿಬೊಟ್ಟು ಯಾರಿಗೂ ಕೆಡುಕು ಮಾಡುವುದಿಲ್ಲ, ಅದಕ್ಕೆ ಜಗಳ ಬೇಡ. (ಕಾಡಿಗೆಯನ್ನು ಕಣ್ಣಿನೊಳಗೆ ಮಾತ್ರ ಹಚ್ಚಬಾರದು.) ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರು ಕೊಡದಿರುವುದು, ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಡುವುದು ಇವು ಮಾತ್ರ ನಿಲ್ಲಬೇಕು. ಹತ್ತು ಪದ್ಧತಿಗಳನ್ನೂ ಒಟ್ಟಿಗೆ ಬೈದರೆ ಅತ್ತೆ ಹತ್ತನ್ನೂ ಬಾಗಿಲ ಹಿಂದೆ ಮಾಡುತ್ತಾಳೆ. ಎರಡು ಮೂರನ್ನು ಮಾತ್ರ ಆರಿಸಿ, ಅದೂ ಸೊಸೆಗಲ್ಲ, ಅತ್ತೆಗೇ ಹೇಳಬೇಕು. ಆಶಾ ಕಾರ್ಯಕರ್ತೆಯರಿಗೆ ಇದು ಯಾರೂ ಕಲಿಸದೆಯೇ ಗೊತ್ತಿದೆ.

ಹೆರಿಗೆಯ ಮಾತು ಬಂದಾಗ ಬೆಳಗಾವಿಯದೇ ಒಂದು ಕೆಲಸ ನೆನೆಯಬೇಕು. 2002ರಿಂದ 2005ರವರೆಗೆ ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಹೆರಿಗೆಯಾದ ಕೂಡಲೇ ಆಗುವ ಅತಿ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ತಂಪು ಪೆಟ್ಟಿಗೆ ಬೇಕು, ಸೂಜಿ ಹಾಕುವವರು ಬೇಕು. ಆಗ ಎಷ್ಟೋ ಹೆರಿಗೆಗಳು ಮನೆಯಲ್ಲೋ ಉಪಕೇಂದ್ರದಲ್ಲೋ ಆಗುತ್ತಿದ್ದವು. ‘ದೊಡ್ಡಾಸ್ಪತ್ರೆಗೆ ಬನ್ನಿ’ ಅಂತ ಕಾಯುತ್ತ ಕೂರುವ ಬದಲು, ಹಳ್ಳಿಯ ಹೆಂಗಸರು ನಂಬುವ ಎಎನ್‌ಎಂ ಸಿಸ್ಟರ್‌ಗಳ ಕೈಗೇ ಮಿಸೊಪ್ರೋಸ್ಟಾಲ್ ಗುಳಿಗೆ ಕೊಟ್ಟರು. ಬಾಯಿಂದ ನುಂಗುವ ಗುಳಿಗೆ, ತಂಪು ಬೇಡ. 1620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ ಅದು, ಉಳಿದವರಿಗೆ ಔಷಧವಿಲ್ಲದ ಹೋಲಿಕೆಯ ಗುಳಿಗೆ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಅದೇ ಅಧ್ಯಯನದಲ್ಲಿ ಇನ್ನೊಂದು ಸಣ್ಣ ವಸ್ತು ಹುಟ್ಟಿತು. ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಚೀಲದಂತೆ ಇಳಿದು ಅಳತೆಯ ಗೆರೆ ಇರುವ ಪ್ಲಾಸ್ಟಿಕ್ ಹಾಳೆ. ಅದಕ್ಕೂ ಮೊದಲು ರಕ್ತ ಎಷ್ಟು ಹೋಯಿತು ಅನ್ನುವುದನ್ನು ಬಟ್ಟೆ ನೋಡಿ ಅಂದಾಜು ಮಾಡುತ್ತಿದ್ದರು. ‘ಹೆರಿಗೆ ಅಂದಮೇಲೆ ಇಷ್ಟು ಹೋಗೂದ’ ಅನ್ನುವ ಮಾತಿನಲ್ಲಿ ಜೀವಗಳು ಹೋಗುತ್ತಿದ್ದವು. ಗೆರೆ ದಾಟಿತು ಅಂದರೆ ಯಾವ ಭಾಷೆಯವರಿಗೂ ಕಾಣುತ್ತದೆ. ಇಂಥ ಅಳತೆ ಹಾಳೆಯ ಜೊತೆಗೆ ಕೂಡಲೇ ಮಾಡುವ ಚಿಕಿತ್ಸೆಗಳನ್ನು ಜೋಡಿಸಿ ಆಫ್ರಿಕಾದ ನಾಲ್ಕು ದೇಶಗಳಲ್ಲಿ ಮಾಡಿದ ದೊಡ್ಡ ಅಧ್ಯಯನ 2023ರಲ್ಲಿ ಬಂತು. ತೀವ್ರ ರಕ್ತಸ್ರಾವದಂಥ ಅಪಾಯಗಳು ನೂರಕ್ಕೆ 60ರಷ್ಟು ಕಡಿಮೆಯಾಗಿದ್ದವು.

ಉಪವಾಸಕ್ಕೆ ಬರೋಣ. ‘ಶುಗರ್ ಇದೆ, ರೋಜಾ ಮಾಡಬೇಡಿ’ ಅಂತ ಒಂದೇ ಮಾತು ಹೇಳಿ ಕಳಿಸಿದರೆ ಜನ ರೋಜಾ ಮಾಡುತ್ತಾರೆ, ವೈದ್ಯರಿಗೆ ಹೇಳುವುದಿಲ್ಲ. ಅಪಾಯ ಇರುವುದು ಆ ಹೇಳದಿರುವುದರಲ್ಲಿ. ಗ್ಲಿಮೆಪಿರೈಡ್ ಜಾತಿಯ ಗುಳಿಗೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ. ಅದಕ್ಕೇ ರಂಜಾನ್‌ಗೆ ತಿಂಗಳೆರಡು ತಿಂಗಳು ಮೊದಲೇ ಕೂತು ಮಾತಾಡಬೇಕು. ಯಾವ ಗುಳಿಗೆ ಇಫ್ತಾರ್‌ಗೆ ಹೋಗಬೇಕು, ಇನ್ಸುಲಿನ್ ಎಷ್ಟು ಇಳಿಸಬೇಕು, ಯಾರು ರೋಜಾ ಮಾಡಲೇಬಾರದು ಅನ್ನುವುದು ಆಗ ತೀರ್ಮಾನವಾಗುತ್ತದೆ. ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ರೋಜಾ ಬಿಡಬೇಕು ಅಂತ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬೆರಳು ಚುಚ್ಚಿ ನೋಡುವುದರಿಂದ ರೋಜಾ ಮುರಿಯುವುದಿಲ್ಲ ಅಂತ ಹೆಚ್ಚಿನ ಧರ್ಮಪಂಡಿತರ ಅಭಿಪ್ರಾಯ. ಈ ಮಾತನ್ನು ವೈದ್ಯರಿಗಿಂತ ಮಸೀದಿಯ ಇಮಾಮರು ಹೇಳಿದರೆ ಬೇಗ ಇಳಿಯುತ್ತದೆ. ಏಕಾದಶಿ, ಶ್ರಾವಣ ಸೋಮವಾರದ ಉಪವಾಸಕ್ಕೂ ಇದೇ ವಿಚಾರಣೆ ಬೇಕು. ಡಯಟ್ ಚಾರ್ಟಿನ ಕಥೆಯೂ ಇದೇ. ಅದರಲ್ಲಿ ಓಟ್ಸ್ ಇರುತ್ತದೆ, ಜೋಳದ ರೊಟ್ಟಿ ಎಷ್ಟು ಅನ್ನುವುದು ಇರುವುದಿಲ್ಲ. ಬೆಲ್ಲದ ಚಹಾ ನಡೆಯುತ್ತದೋ ಇಲ್ಲವೋ ಅನ್ನುವುದೂ ಇರುವುದಿಲ್ಲ. (ನಡೆಯುವುದಿಲ್ಲ. ಬೆಲ್ಲವೂ ಸಕ್ಕರೆಯೇ.)

ಇನ್ನು ಚೀಟಿ ಮಾಡಿಸುವ ಕಿಟಕಿ. ‘ಗಂಡನ ಹೆಸರು?’ ಅಂತ ಜೋರಾಗಿ ಕೇಳುತ್ತಾರೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲೇ ಮಾಡಿತು. ಆದರೆ ಆ ಬದುಕು ಕಂಡ ಹೆಂಗಸರು, ಅವರ ಮಕ್ಕಳು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಇದ್ದಾರೆ. ಆ ಒಂದು ಪ್ರಶ್ನೆಗೆ ಹೆದರಿ ಚಿಕಿತ್ಸೆಯೇ ಬೇಡ ಅಂತ ಹಿಂದೆ ಸರಿದರೆ? ‘ಜೊತೆಗೆ ಯಾರಿದ್ದಾರೆ?’ ಅಂತ ಕೇಳಿದರೆ ಆಸ್ಪತ್ರೆಗೆ ಬೇಕಾದ್ದು ಸಿಗುತ್ತದೆ. ಫಾರ್ಮಿನ ಒಂದು ಕಾಲಂ ಬದಲಿಸಲು ಯಾವ ಬಜೆಟ್ಟೂ ಬೇಡ.

ಸರ್ಕಾರಿ ಕಾಗದದಲ್ಲಿ ಇವೆಲ್ಲ ಇಲ್ಲ ಅಂತಲ್ಲ. 2013ರ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಲ್ಲಿ ಸೇವೆ ಲಿಂಗ, ಧರ್ಮ, ಸಂಸ್ಕೃತಿಯ ಅಗತ್ಯಗಳನ್ನು ಅರಿತು ನಡೆಯಬೇಕು ಅಂತ ಸ್ಪಷ್ಟವಾಗಿ ಇದೆ. 2017ರ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ತಾಯಿಯ ಜೊತೆ ಅವಳಿಗೆ ಬೇಕಾದವರು ಇರಬಹುದು ಅನ್ನುತ್ತದೆ. 2019ರಿಂದ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದ ಆರಂಭದಲ್ಲೇ ಸ್ಥಳೀಯ ಭಾಷೆಯ ಕಲಿಕೆ ಇದೆ. ನಂತರ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಹೋಗಿಬರುವ ನಿಯಮವೂ ಬಂತು. ಆ ಕನ್ನಡದ ಪಾಠದಲ್ಲಿ ‘ತಲೆನೋವು’ ಜೊತೆಗೆ ‘ತಲಿಶೂಲಿ’ಯೂ ಇದ್ದರೆ ಚೆನ್ನ.

ಇಲ್ಲೊಂದು ಹಳ್ಳ ಇದೆ, ಎಚ್ಚರ ಬೇಕು. ‘ಲಂಬಾಣಿಗರು ಹೀಗೆ, ಮುಸ್ಲಿಮರು ಹಾಗೆ, ಲಿಂಗಾಯತರು ಇನ್ನೊಂದು ಥರ’ ಅಂತ ಪಟ್ಟಿ ಮಾಡಿ ಬಾಯಿಪಾಠ ಹೊಡೆಯುವುದು ಸಂಸ್ಕೃತಿಯ ತಿಳಿವಳಿಕೆ ಅಲ್ಲ. ಜೈನರೆಲ್ಲರೂ ಹೊತ್ತು ಮುಳುಗುವ ಮುಂಚೆಯೇ ಉಣ್ಣುತ್ತಾರೆ ಅಂತೇನಿಲ್ಲ. ತಾಂಡಾದ ಹುಡುಗಿ ನರ್ಸ್ ಆಗಿ ಎದುರಿಗೇ ನಿಂತಿರಬಹುದು. 1998ರಲ್ಲಿ ಅಮೆರಿಕದ ಇಬ್ಬರು ವೈದ್ಯೆಯರು ಇದರ ಬದಲು ಬೇಕಾದ ನಡೆಗೆ ಸಾಂಸ್ಕೃತಿಕ ವಿನಯ ಅನ್ನುವ ಹೆಸರು ಕೊಟ್ಟರು. ನನಗೆ ಗೊತ್ತಿದೆ ಅನ್ನುವುದಕ್ಕಿಂತ ಗೊತ್ತಿಲ್ಲ, ನೀವೇ ಹೇಳಿ ಅನ್ನುವ ನಿಲುವು ಅದು.

ಸುಧಾರಣೆ ಆಯಿತೋ ಇಲ್ಲವೋ ಅಂತ ನೋಡುವುದು ಹೇಗೆ? ಸರಾಸರಿ ಇಲ್ಲಿ ಸುಳ್ಳು ಹೇಳುತ್ತದೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೂರು ಬಸುರಿಯರಲ್ಲಿ ತೊಂಬತ್ತು ಜನ ಎಲ್ಲ ತಪಾಸಣೆಗೂ ಬಂದರು ಅಂದುಕೊಳ್ಳಿ. ಶಭಾಷ್ ಅನ್ನಬಹುದು. ಉಳಿದ ಹತ್ತೂ ಜನ ಒಂದೇ ತಾಂಡಾದವರಾಗಿದ್ದರೆ? ಕಬ್ಬಿನ ಹಂಗಾಮಿಗೆ ದುಡಿಯಲು ಹೋದವರಾಗಿದ್ದರೆ? ತಾಂಡಾ, ಓಣಿ, ಮನೆಮಾತು ಅಂತ ಬಿಡಿಸಿ ನೋಡಿದಾಗಲೇ ತೂತು ಕಾಣುವುದು. ಮಗುವಿನ ಲಸಿಕೆ ಕಾರ್ಡು ತಾಂಡಾದ ಮನೆಯಲ್ಲಿ, ಮಗು ಇನ್ನೂರು ಕಿಲೋಮೀಟರ್ ಆಚೆ ಕಬ್ಬಿನ ಹೊಲದಲ್ಲಿ. ಟಿಬಿಗೆ ಈಗ ಸರ್ಕಾರದ ‘ನಿಕ್ಷಯ್’ ದಾಖಲೆಯ ಗುರುತು ಸಂಖ್ಯೆ ಇದೆ, ಹೋದ ಊರಿನಲ್ಲೇ ಗುಳಿಗೆ ಸಿಗುತ್ತದೆ. ಹೊರಡುವ ಮೊದಲು ಆ ಸಂಖ್ಯೆಯನ್ನು ಕೈಯಲ್ಲಿ ಬರೆದುಕೊಟ್ಟಿರಬೇಕು ಅಷ್ಟೆ.

ಕೊನೆಗೆ, ನನಗೆ ಎಲ್ಲಕ್ಕಿಂತ ಇಷ್ಟವಾದ ಉಪಾಯ. ‘ತಿಳೀತಾ?’ ಅಂತ ಕೇಳಬಾರದು. ಯಾರಾದರೂ ‘ಇಲ್ಲ’ ಅಂದಿದ್ದನ್ನು ಕೇಳಿದ್ದೀರಾ? ಅದರ ಬದಲು, ‘ನಾ ಸರಿಯಾಗಿ ಹೇಳಿದೆನೋ ಇಲ್ಲೋ ನೋಡಬೇಕು, ಮನಿಗೆ ಹೋಗಿ ಹೆಂಗ ಹೇಳ್ತೀರಿ, ನನಗ ಹೇಳ್ರಿ’ ಅನ್ನಬೇಕು. ತಪ್ಪಿದರೆ ಅದು ಹೇಳಿದವರ ತಪ್ಪು, ಕೇಳಿದವರದಲ್ಲ.

ಚಿಗವ್ವನ ಮೇಲೆ ಇದನ್ನು ಪ್ರಯೋಗ ಮಾಡಿದೆ. ಈಗ ಅವಳಿಗೆ ಶುಗರ್ ಕೂಡ ಇದೆ. ಖಾಲಿ ಹೊಟ್ಟೆಯ ರಿಪೋರ್ಟ್ ಪ್ರತಿ ಸಲವೂ ಜಾಸ್ತಿ ಬರುತ್ತಿತ್ತು, ಗುಳಿಗೆಯನ್ನು ಎರಡು ಸಲ ಏರಿಸಿದ್ದರು. ‘ರಕ್ತ ಕೊಡೂ ದಿನ ಮುಂಜಾನೆ ಏನೇನ ಮಾಡ್ತಿ, ಹೇಳು ನೋಡೂಣು’ ಅಂದೆ. ಎದ್ದೆ, ಮುಖ ತೊಳೆದೆ, ದೇವರಿಗೆ ದೀಪ ಹಚ್ಚಿದೆ, ಚಹಾ ಕುಡಿದೆ, ಬಸ್ಸಿಗೆ ನಿಂತೆ ಅಂತ ಒಂದೊಂದೇ ಹೇಳಿದಳು.

‘ಚಹಾ? ಖಾಲಿ ಹೊಟ್ಟೀಲೆ ಬರ್ರಿ ಅಂದಿದ್ದರಲ್ಲ?’

‘ಖಾಲಿ ಹೊಟ್ಟೀಲೇ ಹೋಗೇನಿ’ ಅಂದಳು, ಸ್ವಲ್ಪ ಸಿಟ್ಟಿನಿಂದಲೇ. ‘ಬರೇ ಚಹಾ ಕುಡದೇನಿ. ಉಂಡಿಲ್ಲ.’